ಬುಗುಡಿ ಬೆಳಗಿದ ಆಚಾರ್ರು

ಮೊನ್ನೆ ತಲೆಗೆಂದು ಅಂಟುವಾಳಕಾಯಿ ನೆನೆಸಿಟ್ಟಿದ್ದೆ. ಆ ನೊರೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕನಕಪುರದಲ್ಲಿ ನನ್ನ ಸೈಬರ್ ಸೆಂಟರ್ ಪಕ್ಕದಲ್ಲಿದ್ದ ಆಚಾರ್ರು ನೆನಪಾದರು.

ಅವರು ಅಕ್ಕಸಾಲಿಗರು. ಅಪ್ಪನ ಕಾಲದಿಂದ ಅದೇ ಅಂಗಡಿ, ಅದೇ ಕುಲುಮೆ. ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಎದ್ದ ಮೇಲೆ, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಅಜ್ಜಿಯರ ಬುಗುಡಿ ತಂದು, ಕರಗಿಸಿ ಓಲೆ ಮಾಡಿಕೊಡಿ ಎನ್ನುತ್ತಿದ್ದರು. ಕಿವಿಯ ಮೇಲಂಚಿಗೆ ಹಾಕುವ ಬುಗುಡಿ ಆಗ ಯಾರಿಗೆ ಬೇಕಿತ್ತು? ಆದರೆ ಅವುಗಳಲ್ಲಿ ಕೆಲವು ಆಚಾರ್ರ ಅಪ್ಪನೇ ಮಾಡಿದವು. ತಿರುಪು ನೋಡಿದರೆ ಸಾಕು, ಅವರಿಗೆ ಗುರುತು ಸಿಗುತ್ತಿತ್ತು. ತಮ್ಮ ಚಿನ್ನದಲ್ಲೇ ಓಲೆ ಮಾಡಿಕೊಟ್ಟು, ಅಂಥ ಬುಗುಡಿಯನ್ನು ಒಳಗಿಡುತ್ತಿದ್ದರು. ಎಷ್ಟು ದಿನ ಹಾಗೆ ನಡೆದೀತು...

ಒಂದು ಬೆಳಿಗ್ಗೆ ನನ್ನಲ್ಲಿಗೆ ಬಂದರು.

"ಇಂಟರ್‌ನೆಟ್ನಾಗೆ ಏನ್ ಬೇಕಾದ್ರೂ ಮಾರ್ತಾರಂತಲ್ಲವ್ವಾ. ಏಳು ಜೊತೆ ಬುಗುಡಿ ಐತೆ. ಹಾಕ್ಕೊಳ್ಳೋರಿಗೆ ಕೊಡ್ಸು. ನಮ್ಮಪ್ಪನ ಕೆಲ್ಸನ ನನ್ ಕೈಯಾರೆ ಕರಗಿಸೋ ಹಂಗೆ ಮಾಡ್ಬೇಡ."

ಒಂದೊಂದೇ ಜೊತೆ ತಂದುಕೊಟ್ಟರು, ಫೋಟೊ ಹಾಕಿದೆ. ಯಾರೂ ಕೊಳ್ಳಲಿಲ್ಲ. ಬಂದ ಮೇಲ್‌ಗಳಲ್ಲೆಲ್ಲ ಒಂದೇ ಮಾತು: ಇದು ಹಳೆಯದಲ್ಲ, ಹೊಸ ಮಾಲು. ಏನಪ್ಪಾ ಇದು ಎಂದು ಅಂಗಡಿಗೆ ಹೋದರೆ, ಅಯ್ಯೋ ಶಿವನೇ, ಆಚಾರ್ರು ಅಂಟುವಾಳದ ನೊರೆಯಲ್ಲಿ ಮುಳುಗಿಸಿ ಆರನೆಯ ಜೊತೆಯನ್ನು ಗಸಗಸ ಉಜ್ಜುತ್ತಿದ್ದಾರೆ!

"ಬೆಳಗಬೇಡಿ ಆಚಾರ್ರೇ. ಅವ್ರಿಗೆ ಹಳೇದು ಹಳೇದಾಗೇ ಕಾಣ್ಬೇಕು" ಎಂದೆ.

ಅವರಿಗೆ ಸಿಟ್ಟು ನೆತ್ತಿಗೇರಿತು. "ಕೊಳೆ ಇಟ್ಕೊಂಡು ಮಾರಕ್ಕೆ ನಾನೇನ್ ಗುಜರಿಯವ್ನಾ? ಹೆಣ್ಮಕ್ಳು ಕಿವಿಗೆ ಹಾಕ್ಕೊಳ್ಳೋದು ಕಣವ್ವಾ!"

ಮೂರು ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಹಾ ಹಟಮಾರಿ. ನಾನೇನು ಕಡಿಮೆಯೇ? ನಾನೂ ಮಾತಾಡಿಸಲಿಲ್ಲ. ನಾಲ್ಕನೆಯ ದಿನ ತಾವೇ ಬಂದು, ಉಜ್ಜದೆ ಉಳಿದ ಕೊನೆಯ ಜೊತೆಯನ್ನು ಮೇಜಿನ ಮೇಲಿಟ್ಟು, "ತಗೋ, ನಿನ್ ಹಟನೇ ಗೆಲ್ಲಲಿ" ಎಂದರು.

ಸಂದಿಯಲ್ಲಿ ಯಾವುದೋ ಅಜ್ಜಿಯ ಅರಿಶಿನ ಹಾಗೇ ಇತ್ತು. ಅದು ಕಾಣುವಂತೆ ಫೋಟೊ ತೆಗೆದೆ. ಮಾಡಿದವರು ಯಾರೆಂದು ಬರೆದೆ. ಉಳಿದ ಆರನ್ನು ಅವರ ಮಗ ಪ್ರೀತಿಯಿಂದ ಬೆಳಗಿಬಿಟ್ಟಿದ್ದಾನೆ ಎಂದೂ ಬರೆದೆ. ಎರಡು ತಿಂಗಳಲ್ಲಿ ಏಳೂ ಜೊತೆ ಮಾರಾಟವಾದವು! ಆಚಾರ್ರ ಸಂಭ್ರಮ ನೋಡಬೇಕಿತ್ತು.

ಆಮೇಲೆ ಶುರುವಾಯಿತು ಅವರ ಒಂದೇ ಪ್ರಶ್ನೆ: "ಹಾಕ್ಕಂಡ್ರಂತಾ?"

"ದುಡ್ಡು ಕೊಟ್ಟು ತಗೊಂಡಿದ್ದಾರಲ್ಲ, ಹಾಕ್ಕೊಂಡಿರ್ತಾರೆ ಬಿಡಿ" ಎನ್ನುತ್ತಿದ್ದೆ.

"ಪೆಟ್ಟಿಗೇಲಿ ಇಟ್ಬುಟ್ರೆ ಏನ್ ಬಂತವ್ವಾ? ಒಸಿ ಕೇಳಿ ಬರಿ."

ನಾಳೆ ಬರೆಯೋಣ ಅಂದುಕೊಳ್ಳುತ್ತಿದ್ದೆ. ಗಿರಾಕಿಗಳ ಗಲಾಟೆಯಲ್ಲಿ ಆ ನಾಳೆ ಬರಲೇ ಇಲ್ಲ...

ಒಂದು ದಿನ ಪುಣೆಯ ಹೆಂಗಸೊಬ್ಬಳು ತಾನಾಗಿಯೇ ಫೋಟೊ ಕಳಿಸಿದಳು. ಬುಗುಡಿಗೆಂದೇ ಹೊಸದಾಗಿ ಚುಚ್ಚಿಸಿದ ಕಿವಿ, ಕೆಂಪಗೆ ಊದಿಕೊಂಡಿತ್ತು. ಖುಷಿಯಲ್ಲಿ ಪ್ರಿಂಟ್ ತೆಗೆದು ಎದ್ದೇಬಿಟ್ಟೆ. ಬಾಗಿಲಿಗೆ ಬಂದ ಮೇಲೆ ನೆನಪಾಯಿತು, ಆಚಾರ್ರು ತೀರಿಹೋಗಿ ಇಪ್ಪತ್ತು ದಿನವಾಗಿತ್ತು.

ಈಗಲೂ ಹಳೆಯ ಒಡವೆ ಮಾರುತ್ತೇನೆ. ಕೊಂಡವರಿಗೆಲ್ಲ ತಪ್ಪದೆ ಬರೆದು ಕೇಳುತ್ತೇನೆ, ಹಾಕಿಕೊಂಡಿರಾ ಎಂದು. ಎಷ್ಟೋ ಜನ ಫೋಟೊ ಸಮೇತ ಉತ್ತರ ಕಳಿಸುತ್ತಾರೆ. ತೋರಿಸಬೇಕಾದವರಿಗೆ ಮಾತ್ರ ಒಂದನ್ನೂ ತೋರಿಸಲಾಗಲಿಲ್ಲ.