ಡ್ರಾದಲ್ಲಿ ಉಳಿದ ಹದಿನಾರು ನಟ್

ಕೊರೋನಾ ಸರಿದ ಮರುವರ್ಷ ಸವಣೂರಿನ ನನ್ನ ಲೇಥ್ ಅಂಗಡಿಯಲ್ಲಿ ನಾನೊಬ್ಬನೇ ಉಳಿದಿದ್ದೆ. ಮೂವತ್ತೆಂಟು ವರ್ಷ ಟ್ರ್ಯಾಕ್ಟರ್ ಶಾಫ್ಟು, ಪಂಪಿನ ಬುಷ್ಷು ಕಡೆದ ಕೈ ಇದು. ಹೆಂಡತಿ ತೀರಿಕೊಂಡಿದ್ದಳು, ಪಾಲುದಾರ ಹುಬ್ಬಳ್ಳಿ ಸೇರಿದ್ದ. ನನ್ನ ಬಾಯಿ ಮೊದಲೇ ಹರಿತ. ಗಿರಾಕಿಗಳು ಸಾಮಾನು ಇಟ್ಟು ಜಾಗ ಖಾಲಿ ಮಾಡುತ್ತಿದ್ದರು. ಕೆಲವು ದಿನ ಚಹಾದಂಗಡಿಯವನ ಜೊತೆ ಆಡಿದ್ದಷ್ಟೇ ಮಾತು.

ಆಗ ಬಂದವರು ಅಕ್ಕಿಆಲೂರಿನ ವೀರಭದ್ರಪ್ಪ. ರೈಸ್‌ಮಿಲ್ ಮನೆತನ, ಅರವತ್ತು ದಾಟಿದ ಬ್ರಹ್ಮಚಾರಿ. ಮಿಲ್ಲಿನ ಗೋದಾಮಿನಲ್ಲಿ ಎರಡೇ ಸೀಟಿನ ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರೊಂದನ್ನು ಒಂಬತ್ತು ವರ್ಷಗಳಿಂದ ತಾವೇ ರಿಪೇರಿ ಮಾಡುತ್ತಿದ್ದರು. ಅದರ ಕಡ್ಡಿಗಾಲಿಗಳು ಕೂರುವ, ಅಚ್ಚಿನ ತುದಿಯ ಹಬ್‌ನ ಹಲ್ಲು ಸವೆದಿದ್ದವು. ಹಬ್ ಬದಲಿಸಿ, ಪ್ರತಿ ಗಾಲಿಗೆ ನಟ್ ಬಿಗಿಯಲು ನಾಲ್ಕು ಸ್ಟಡ್ ಕೂರಿಸಿ, ಸಾದಾ ಉಕ್ಕಿನ ಗಾಲಿ ಹಾಕಬೇಕಿತ್ತು. ಸ್ಟಡ್‌ಗಳೂ ಹದಿನಾರು ನಟ್‌ಗಳೂ ನನ್ನ ಪಾಲಿಗೆ. ನಟ್ಟಿನ ತಳ ಕೋನ್ ಆಕಾರದಲ್ಲಿರಬೇಕು, ಇಲ್ಲದಿದ್ದರೆ ಗಾಲಿ ನಡುಮಧ್ಯಕ್ಕೆ ಕೂರುವುದಿಲ್ಲ.

"ಕಣ್ಣಿನ ನರ ಒಣಗಾಕತ್ತೇತ್ರಿ ಮಿಸ್ತ್ರಿ. ಡಾಕ್ಟರು ಒಂದು ವರ್ಷ ಅಂದಾರ. ಅಷ್ಟ್ರಾಗ ಮಿಲ್ಲಿನ ಕಣದಾಗ ಒಂದ ಸುತ್ತು ನಾನ ಓಡಸ್ಬೇಕು," ಎಂದರು.

ಪ್ರತಿ ಮಂಗಳವಾರ ಎರಡು ಬಸ್ ಬದಲಿಸಿ ಬಂದು, ನನ್ನ ಹಳೆಯ ಪೆಟ್ಟಿಗೆಯ ಮೇಲೆ ಕೂರುತ್ತಿದ್ದರು. "ಲೇಥ್‌ಗಿಂತ ನಿಮ್ಮ ಬಾಯಿ ಸಪ್ಪಳ ಜಾಸ್ತಿ ಬಿಡ್ರಿ," ಎಂದು ಕಾಡಿಸುತ್ತಿದ್ದರು. ಅಬ್ಬಾ, ಯಾರಾದರೂ ನನ್ನನ್ನು ಕಾಡಿಸಿ ಎಷ್ಟು ದಿನವಾಗಿತ್ತು!

ಸ್ಟಡ್‌ಗಳನ್ನು ಅವರು ಮೊದಲೇ ಒಯ್ದು ಕೂರಿಸಿಕೊಂಡಿದ್ದರು. ಐದನೆಯ ಮಂಗಳವಾರ ಕೊನೆಯ ನಟ್ ಮುಗಿಯಿತು. ಗೇಜ್ ಹಾಕಿ ನೋಡಿ, ಎಣ್ಣೆ ಸವರಿದೆ. ಬಾಗಿಲಲ್ಲಿ ಅವರ ಕೆಮ್ಮು ಕೇಳಿದ್ದೇ ತಡ, ಹದಿನಾರನ್ನೂ ಮೇಜಿನ ಡ್ರಾಕ್ಕೆ ಸುರಿದು ಮುಚ್ಚಿದೆ.

"ಇನ್ನೂ ಫಿನಿಶಿಂಗ್ ಐತ್ರಿ ಸಾವ್ಕಾರ್ರ. ಮುಂದಿನ ವಾರ ಬರ್ರಿ."

ಫಿನಿಶಿಂಗೂ ಇಲ್ಲ, ಮಣ್ಣೂ ಇಲ್ಲ. ಕೊಟ್ಟುಬಿಟ್ಟರೆ ಅವರಿಗೆ ಸವಣೂರಿನಲ್ಲಿ ಏನು ಕೆಲಸ? ಹೇಗೂ ಒಂದು ವರ್ಷ ಇದೆಯಲ್ಲ ಎಂದುಕೊಂಡೆ. ಹಾಗೆ ಇನ್ನೂ ಒಂಬತ್ತು ಮಂಗಳವಾರ ಕಳೆದವು.

ಆಮೇಲೆ ಅವರು ಬರಲಿಲ್ಲ. ಫೋನೂ ಎತ್ತಲಿಲ್ಲ. ಮೂರು ವಾರ ಕಾದು, ನಟ್‌ಗಳ ಚೀಲ ಹಿಡಿದು ಅಕ್ಕಿಆಲೂರಿಗೆ ಹೋದೆ. ಗೋದಾಮಿನಲ್ಲಿ ಕಾರು ಮರದ ತುಂಡುಗಳ ಮೇಲೆ ನಿಂತಿತ್ತು. ಪಕ್ಕದಲ್ಲಿ ಕೂತಿದ್ದ ಅವರು ನಾನು ಮಾತಾಡಿದ ಮೇಲೆಯೇ ಇತ್ತ ತಿರುಗಿದರು. ಡಾಕ್ಟರು ಹೇಳಿದ ವರ್ಷ ನಾಲ್ಕೇ ತಿಂಗಳಿಗೆ ಮುಗಿದಿತ್ತು.

ಚೀಲ ಅವರ ಕೈಗಿಟ್ಟೆ. ಒಂದು ನಟ್ ತೆಗೆದು ಒಳಗೆ ಕಿರುಬೆರಳು ಆಡಿಸಿದರು.

"ಇವು ಮುಗ್ದು ಬಾಳ ದಿನ ಆಗ್ಯಾವು. ಎಣ್ಣಿ ಅಂಟಾಗೇತಿ."

"ಹೌದ್ರಿ," ಎಂದೆ. "ಕೊಟ್ರ ನೀವು ಬರೂದಿಲ್ಲಂತ ಇಟ್ಕೊಂಡೆ."

"ನಟ್ಟಿನ ಸಲುವಾಗಿ ಅಷ್ಟ ಬರ್ತಿದ್ದೆ ಅಂತ ತಿಳ್ಕೊಂಡ್ರೇನು? ನನಗರ ಮನ್ಯಾಗ ಯಾರದಾರ್ರಿ?"

ಅಂದೇ ಗಾಲಿ ಕೂರಿಸಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. "ಸ್ಟೇರಿಂಗ್ ಹಿಡೀರಿ, ನಾನು ಹಿಂದಿಂದ ದಬ್ತೇನಿ," ಎಂದೆ.

"ಬ್ಯಾಡ್ರಿ. ನನಗ ನೋಡ್ಕೋತ ಓಡಸ್ಬೇಕಿತ್ತು."

ಮುಗಿದ ಕೆಲಸ ಮಾಡಿದವನದಲ್ಲ ಎಂಬುದು ಇಷ್ಟು ವರ್ಷದ ಲೇಥ್ ಕಲಿಸದ ಪಾಠ. ಈಗ ಯಾರ ಸಾಮಾನನ್ನೂ ಒಂದು ತಾಸು ಹೆಚ್ಚಿಗೆ ಇಟ್ಟುಕೊಳ್ಳುವುದಿಲ್ಲ. ಮಂಗಳವಾರ ಅಂಗಡಿ ಮುಚ್ಚಿ, ಎರಡು ಬಸ್ ಬದಲಿಸಿ ಅಕ್ಕಿಆಲೂರಿಗೆ ಹೋಗುತ್ತೇನೆ. ಬರಬೇಡಿ ಎಂದು ಅವರು ಒಮ್ಮೆಯೂ ಅಂದಿಲ್ಲ. ಕಾರಿನ ಮಾತನ್ನೂ ಮತ್ತೆ ಎತ್ತಿಲ್ಲ.