ಫೈಸ್ ದ್ವೀಪಕ್ಕೆಲ್ಲ ಹಾಸು ಹಾಕುವ ಲೆತಾಲಿ

ಬಿಸಿಲು ಇನ್ನೂ ತೆಂಗಿನ ಮರಗಳ ಬೆನ್ನ ಹಿಂದಿದೆ. ನೇಯುವ ಚಪ್ಪರದಲ್ಲಿ ಲೆತಾಲಿ ಕಾಲು ಚಾಚಿ ಕೂತು, ಹಲಗೆಯ ಗೂಟಗಳಿಗೆ ನೂಲು ಸುತ್ತುತ್ತಿದ್ದಾರೆ. ಕಪ್ಪು, ಬಿಳಿ, ಕೆಂಪು. ಇದ್ದಕ್ಕಿದ್ದಂತೆ ಕೈ ನಿಲ್ಲುತ್ತದೆ. ಎಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಅಷ್ಟನ್ನೂ ಬಿಚ್ಚತೊಡಗುತ್ತಾರೆ.

"ಕೆಂಪು ಅಂದ್ಕೊಂಡು ಕಪ್ಪು ಸುತ್ತಿದೀನಿ ನೋಡು. ಈ ಕಣ್ಣು ಈಗೀಗ ನನ್ನ ಮಾತೇ ಕೇಳಲ್ಲ."

ಪೆಸಿಫಿಕ್ ಸಾಗರದ ಈ ಪುಟ್ಟ ದ್ವೀಪ ಫೈಸ್‌ನಲ್ಲಿ ನೇಯದ ಹೆಂಗಸಿಲ್ಲ. ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಸೊಂಟಕ್ಕೆ. ಆ ಬಟ್ಟೆಯೇ ಉಡಲು ಬೇಕು, ಸತ್ತವರ ಜೊತೆ ಮಣ್ಣಿಗೂ ಅದೇ ಹೋಗಬೇಕು. ನೇಯ್ದವಳನ್ನು ಎಲ್ಲರೂ ಹೊಗಳುತ್ತಾರೆ. ಹೊಕ್ಕಿನ ಅಡ್ಡನೂಲು ಹೊಡೆಯುವ ಮೊದಲು, ಉದ್ದನೂಲನ್ನು ಅಳೆದು ಸುತ್ತಿ ಹಾಸು ಹಾಕಿದವರು ಯಾರೆಂದು ಯಾರೂ ಕೇಳುವುದಿಲ್ಲ. ಮೀನಿಗೆ ಹೋದ ಗಂಡ ಮರಳದ ಮೇಲೆ ಲೆತಾಲಿ ಹಿಡಿದ ಕೆಲಸ ಅದು. ನೂಲು ತಂದುಕೊಟ್ಟವರಿಗೆ ಹಾಸು ಸಿದ್ಧಮಾಡಿ ಕೊಡುತ್ತಾರೆ. ಕೂಲಿ ಎಂದರೆ ಒಂದು ಬುಟ್ಟಿ ಗೆಣಸೋ, ಎರಡು ಮೀನೋ.

ಹಾಸು ಹಾಕುವುದನ್ನು ಕಲಿಯಿರಿ ಎಂದು ಹೇಳಿ ಹೇಳಿ ಅವರ ಬಾಯಿ ಸೋತಿದೆ. "ನೀವಿದ್ದೀರಲ್ಲಜ್ಜಿ," ಎಂದು ಪಕ್ಕದ ಮನೆಯ ಸೊಸೆ ನಗುತ್ತಾಳೆ.

"ನಾನು ಕುರುಡಿಯಾದ್ರೆ ಮಕ್ಕಳು ಹೇಗೋ ನೋಡ್ಕೋತಾರೆ. ಸತ್ತೋರನ್ನ ಬರಿಮೈಯಲ್ಲಿ ಕಳಿಸ್ತೀರಾ?" ಎನ್ನುತ್ತಾರೆ ಲೆತಾಲಿ. ಅವರಿಗಿರುವ ಹೆದರಿಕೆ ಅದೊಂದೇ.

ಹಾಸು ಹಾಕಬಲ್ಲ ಇನ್ನೊಬ್ಬರು ಇದ್ದಾರೆ: ನಾದಿನಿ ಇಲೆಸುವೆ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಹಿಂದೊಮ್ಮೆ ಇಲೆಸುವೆ ನೇಯ್ದ ಬಟ್ಟೆ ಸೊಟ್ಟಗಾದಾಗ, ಸಾವಿನ ಮನೆಯಲ್ಲಿ ಎಲ್ಲರೆದುರು "ನಮ್ಮತ್ತಿಗೆ ಹಾಕಿದ ಹಾಸೇ ಸೊಟ್ಟ" ಎಂದುಬಿಟ್ಟಿದ್ದರು. ಅಂದಿನಿಂದ ಮಾತಿಲ್ಲ. ಇಲೆಸುವೆ ಹಠಕ್ಕೆ ಬಿದ್ದು ತಮ್ಮ ಹಾಸು ತಾವೇ ಹಾಕಿಕೊಳ್ಳುತ್ತಾರೆ. ಅವರ ಬಟ್ಟೆ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದು. ಊರು ನಗುತ್ತದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಲೆತಾಲಿ.

"ನಗಬಾರದಿತ್ತು ಅಂತೇನಿಲ್ಲ. ಬಟ್ಟೆ ನಿಜವಾಗ್ಲೂ ಸೊಟ್ಟಗಿತ್ತು."

ಈ ಬೆಳಿಗ್ಗೆ ತಪ್ಪಿದ ಎಳೆಗಳನ್ನೆಲ್ಲ ಬಿಚ್ಚಿದ ಮೇಲೆ, ಲೆತಾಲಿ ನೂಲುಂಡೆಗಳನ್ನು ಪಕ್ಕಕ್ಕೆ ಸರಿಸುತ್ತಾರೆ. ಆಮೇಲೆ ಪಕ್ಕದ ಮನೆಯ ಸೊಸೆಯನ್ನು ಕರೆದು, ನಾದಿನಿಗೆ ಹೇಳಿಕಳಿಸುತ್ತಾರೆ.

ಇಲೆಸುವೆ ಬಂದು ಚಪ್ಪರದ ಹೊರಗೇ ನಿಲ್ಲುತ್ತಾರೆ. "ಏನತ್ತಿಗೆ, ಇವತ್ತು ನನ್ನ ನೆನಪಾಯ್ತು? ನಗೋಕೆ ಬೇರೆ ಯಾರೂ ಸಿಗಲಿಲ್ವಾ?"

"ಕೂತ್ಕೊಳ್ಳೇ. ಬಣ್ಣ ನೀನು ನೋಡು, ಬಿಗಿ ನಾನು ನೋಡ್ತೀನಿ."

"ಸೊಟ್ಟ ಬಂದ್ರೆ ಯಾರ ತಪ್ಪು?"

"ನಿಂದೇ. ಅದರಲ್ಲೇನು ಅನುಮಾನ?"

ಇಲೆಸುವೆಗೆ ನಗು ತಡೆಯಲಾಗುವುದಿಲ್ಲ. ಬುಟ್ಟಿ ಇಳಿಸಿ ಕೂರುತ್ತಾರೆ. ಅವರು ಸುತ್ತುವಾಗ ಲೆತಾಲಿಯ ಕೈ ಅವರ ಕೈಯ ಮೇಲೆಯೇ ಇರುತ್ತದೆ. "ಎಳಿ. ಇನ್ನೂ ಸ್ವಲ್ಪ. ಸಾಕು, ಸಾಕೇ! ಹಗ್ಗಜಗ್ಗಾಟ ಆಡ್ತಿದೀಯಾ?"

ಮಧ್ಯಾಹ್ನದ ಹೊತ್ತಿಗೆ ಹಾಸು ಮುಗಿಯುತ್ತದೆ. ಲೆತಾಲಿ ಅಂಗೈಯಿಂದ ಅದನ್ನು ಉದ್ದಕ್ಕೂ ಸವರಿ ನೋಡುತ್ತಾರೆ. ಎಲ್ಲೂ ಸಡಿಲವಿಲ್ಲ. ಆದರೂ ನಾದಿನಿಗೆ ಒಂದು ಒಳ್ಳೆಯ ಮಾತು ಆಡುವುದಿಲ್ಲ. ನಾಳೆ ಬೇಗ ಬಾ ಎನ್ನುತ್ತಾರೆ, ಅಷ್ಟೇ. ಇಲೆಸುವೆ ಮರೆಯಾದ ಮೇಲೆ ಬಾಯಿ ಬಿಡುತ್ತಾರೆ:

"ಅಜ್ಜಿ ಅಜ್ಜಿ ಅಂತ ಬಂದೋರಿಗೆಲ್ಲ ಹಾಸು ಹಾಕಿಕೊಟ್ಟೆ, ಒಬ್ಬಳೂ ಕಲೀಲಿಲ್ಲ. ನನ್ನ ಮೇಲಿನ ಸಿಟ್ಟಿಗಾದ್ರೂ ಇವಳೊಬ್ಬಳು ಕಲಿತಳಲ್ಲ!"