ಖಾಲಿ ಪಟ್ಟಿಯ ಸಾಲು

ಎಂಬತ್ತರ ದಶಕದ ಆ ವರ್ಷಗಳಲ್ಲಿ ಯಾರಾದರೂ "ಏನಮ್ಮ ಓದ್ತಿದ್ದೀಯ?" ಎಂದು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಕಂಪ್ಯೂಟರ್ ಎಂದು ಬಾಯಿ ಬಿಟ್ಟರೆ ಸಾಕು, ಮಗಳ ಜಾತಕ ತೆಗೆದುಕೊಡುತ್ತೀಯಾ ಎನ್ನುವ ನೆಂಟರು ನಮಗಿದ್ದರು. ಅಂಥವರಿಗೆ ಪ್ರೋಗ್ರಾಂ ಪರಿವರ್ತನೆ ಎಂದರೇನೆಂದು ಹೇಗೆ ಹೇಳುವುದು? ವಿಷಯ ಇಷ್ಟೇ. ಮೊದಲು ಪ್ರೋಗ್ರಾಮನ್ನು ಗಣಿತದ ವ್ಯಾಖ್ಯೆಯ ಹಾಗೆ, ಓದಿದ ಕೂಡಲೇ ಅರ್ಥವಾಗುವಂತೆ ಬರೆಯಬೇಕು. ಅದು ಸರಿಯಾಗಿರುತ್ತದೆ, ಆದರೆ ಮಹಾ ನಿಧಾನ. ಆಮೇಲೆ ನಿಯಮದ ಪ್ರಕಾರ ಒಂದೊಂದೇ ಹೆಜ್ಜೆ ಬದಲಾಯಿಸುತ್ತಾ ಅದನ್ನೇ ವೇಗವಾಗಿ ಓಡುವಂತೆ ಮಾಡಬೇಕು. ಯಾವ ಹೆಜ್ಜೆಯಲ್ಲೂ ಅರ್ಥ ಕೆಡಬಾರದು. ಮನುಷ್ಯರು ಈ ಕೆಲಸ ಮಾಡಿದರೆ ಎಲ್ಲೋ ಎಡವುತ್ತಾರೆ, ಹಾಗಾಗಿ ಇದನ್ನೂ ಕಂಪ್ಯೂಟರೇ ಮಾಡಲಿ ಎನ್ನುವುದು ನನ್ನ ಸಂಶೋಧನೆ.

ನನ್ನ ಗೈಡ್ ಒಂದು ಷರತ್ತು ಹಾಕಿದ್ದರು. ಪುಸ್ತಕದ ಉದಾಹರಣೆಗಳು ಸಾಲವು. ಎಲ್ಲಾದರೂ ಜನ ದಿನವೂ ಬಳಸುವ ಒಂದು ಪ್ರೋಗ್ರಾಂ ಈ ರೀತಿ ತಯಾರಾಗಿ, ಯಾರ ಕೈಯೂ ತಾಗದೆ, ಬಂದದ್ದು ಬಂದ ಹಾಗೆ ಓಡಬೇಕು. ಅದನ್ನು ಅವರು ಕಣ್ಣಾರೆ ನೋಡುವವರೆಗೆ ಪ್ರಬಂಧ ಬರೆಯಲು ನಾನು ಕೂರುವಂತಿಲ್ಲ. ಅವರೇ ಪರಿಚಯದವರನ್ನು ಹಿಡಿದು ಪೀಣ್ಯದ ಒಂದು ಕಾರ್ಖಾನೆಯ ಕಂಪ್ಯೂಟರಿನಲ್ಲಿ ಮಧ್ಯಾಹ್ನದ ಹೊತ್ತು ನನಗೆ ಜಾಗ ಕೊಡಿಸಿದರು. ಪ್ರತಿಯಾಗಿ ನಾನು ಕಾರ್ಖಾನೆಗೆ ಒಂದು ಪ್ರೋಗ್ರಾಂ ಮಾಡಿಕೊಡಬೇಕಿತ್ತು. ಬೆಳಿಗ್ಗೆ ಆ ದಿನದ ಕೆಲಸಗಳ ಪಟ್ಟಿ ಕೊಟ್ಟರೆ ಲೋಹ ಕಡೆಯುವ ಯಾವ ಲೇತಿಗೆ ಯಾವ ಕೆಲಸ, ಒಟ್ಟು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅದು ಅಚ್ಚು ಹಾಕಬೇಕು.

ತುಮಕೂರು ರಸ್ತೆಯ ಬಸ್ಸಿನಲ್ಲಿ ಜೋತಾಡಿಕೊಂಡು, ಧೂಳು ಕುಡಿದುಕೊಂಡು ಹೋಗುತ್ತಿದ್ದೆ. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದೆ ಹೋದದ್ದು ಕಂಪ್ಯೂಟರ್ ಕೋಣೆಯ ಇನ್‌ಚಾರ್ಜ್ ಅವರನ್ನು. ದಾಸರಹಳ್ಳಿಯ ಕಡೆಯ ರೈತರ ಮನೆಯವರು, ನಡುವಯಸ್ಸು. ಫಿಟ್ಟರ್ ಆಗಿ ಸೇರಿ, ಅಚ್ಚುಕಟ್ಟಿನ ಮನುಷ್ಯ ಎಂದು ಹೆಸರು ತೆಗೆದುಕೊಂಡು, ತರಬೇತಿ ಪಡೆದು ಆ ಕೋಣೆಗೆ ಬಂದಿದ್ದರು. ಪ್ರೋಗ್ರಾಂ ಓದಲು ಬರುತ್ತಿತ್ತು, ತಿದ್ದಲೂ ಬರುತ್ತಿತ್ತು. ನನ್ನ ಗ್ರಹಚಾರ ಅದೇ.

ಲೇತಿನಿಂದ ಬಂದ ಯಾವ ತುಂಡೂ ಆ ಕಾರ್ಖಾನೆಯಿಂದ ಹಾಗೇ ಹೊರಗೆ ಹೋಗುತ್ತಿರಲಿಲ್ಲ. ಅಂಚಿನಲ್ಲಿ ಲೋಹದ ಚೂಪು ಎಳೆಗಳು ಉಳಿದಿರುತ್ತವೆ. ಅದನ್ನು ಅಲ್ಲಿ ಬರ್ ಎನ್ನುತ್ತಿದ್ದರು. ಒಬ್ಬರು ಕೂತು ಅರದಿಂದ ಅದನ್ನು ಉಜ್ಜಿ, ಬೆರಳಾಡಿಸಿ ನೋಡಿ, ಆಮೇಲೆ ಪಕ್ಕಕ್ಕೆ ಇಡಬೇಕು. ಮೆಷಿನ್ನಿನಿಂದ ಬಂದದ್ದಕ್ಕೆ ಕೊನೆಗೆ ಮನುಷ್ಯನ ಕೈ ತಾಗಲೇಬೇಕು ಎನ್ನುವುದು ಇನ್‌ಚಾರ್ಜ್ ಅವರಿಗೆ ರಕ್ತಗತ. ನನ್ನ ಪ್ರೋಗ್ರಾಂ ಕೂಡ ಮೆಷಿನ್ನಿನಿಂದಲೇ ಬಂದದ್ದಲ್ಲವೇ?

ಅದರಲ್ಲಿ "ಪಟ್ಟಿ ಖಾಲಿಯೇ?" ಎಂಬ ಪ್ರಶ್ನೆ ಎರಡು ಕಡೆ ಇತ್ತು. ಶುರುವಿನಲ್ಲಿ ಒಂದು, ಪ್ರತಿ ಕೆಲಸ ಮುಗಿದ ಮೇಲೆ ಇನ್ನೊಂದು. ಒಂದು ಮಧ್ಯಾಹ್ನ ಹೋಗಿ ನೋಡಿದರೆ ಇನ್‌ಚಾರ್ಜ್ ಮೊದಲನೆಯದನ್ನು ಅಳಿಸಿಹಾಕಿದ್ದರು.

"ಒಂದೇ ಮಾತು ಎರಡು ಸಲ ಯಾಕೆ ಕೇಳ್ಬೇಕು ಮೇಡಂ? ಬರ್ ಇತ್ತು, ತೆಗ್ದೆ," ಎಂದರು, ನಾನು ಮೆಚ್ಚಿಕೊಳ್ಳುತ್ತೇನೆ ಎಂಬ ಮುಖದಲ್ಲಿ.

"ಮೊದಲೇ ಖಾಲಿ ಪಟ್ಟಿ ಬಂದರೆ? ಕೇಳದೆ ಮುಂದೆ ಹೋಗಿ ಇಲ್ಲದ ಕೆಲಸ ತೋರಿಸುತ್ತದೆ."

"ಖಾಲಿ ಪಟ್ಟಿ ಯಾಕೆ ಬತ್ತದೆ ಮೇಡಂ? ಕೆಲ್ಸ ಇಲ್ದಿದ್ ದಿನ ಫ್ಯಾಕ್ಟ್ರಿ ಯಾಕೆ ತೆಗೀತಾರೆ?"

ಕೆಲಸ ಇರಲಿ ಬಿಡಲಿ, ಉತ್ತರ ಸರಿಯಿರಬೇಕು ಎಂದೆ. ಕೈ ಹಾಕಿದರೆ ನನ್ನ ಸಂಶೋಧನೆಯೇ ಬಿದ್ದುಹೋಗುತ್ತದೆ ಎಂದೆ. "ಆಯ್ತು ಮೇಡಂ," ಎಂದರು. ನಾನು ಮತ್ತೆ ಪರಿವರ್ತನೆ ಓಡಿಸಿ ಪ್ರೋಗ್ರಾಮನ್ನು ಹೊಸದಾಗಿ ತೆಗೆದೆ. ಮುಂದಿನ ವಾರ ಹೋದರೆ ಆ ಸಾಲು ಮತ್ತೆ ಮಾಯ! ಟರ್ಮಿನಲ್ ಮೇಲೆ "ದಯವಿಟ್ಟು ಮುಟ್ಟಬೇಡಿ" ಎಂದು ಚೀಟಿ ಅಂಟಿಸಿದೆ. ಅದರ ಅಂಚು ಸೊಟ್ಟಗಿದೆ ಎಂದು ಕತ್ತರಿಸಿ ನೇರ ಮಾಡಿ ಮತ್ತೆ ಅಂಟಿಸಿದ್ದರು. ಈ ಮನುಷ್ಯನನ್ನು ಏನು ಮಾಡುವುದು ಎಂದು ನಾನು ಬಸ್ಸಿನಲ್ಲಿ ಒಬ್ಬಳೇ ಗೊಣಗುತ್ತಾ ಬರುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ಸ್ವಲ್ಪ ಆಚೆ ಸರಿದು ಕೂತದ್ದೂ ಉಂಟು.

ಗೈಡ್ ನೋಡಲು ಬರುವ ಹಿಂದಿನ ದಿನ ನಾನೇ ಹೋಗಿ ಹೊಸದಾಗಿ ತೆಗೆದು, ಎರಡೂ ಪ್ರಶ್ನೆಗಳು ಇವೆಯೆಂದು ನೋಡಿ ಬಂದಿದ್ದೆ. ಮರುದಿನ ಅವರು ಸ್ಕೂಟರಿನಲ್ಲಿ ಬಂದು, ಕನ್ನಡಕ ಒರೆಸಿಕೊಂಡು ಕೂತರು. ನಮ್ಮ ವಿಷಯದವರಿಗೆ ಒಂದು ಚಟ, ಯಾರ ಪ್ರೋಗ್ರಾಂ ಆದರೂ ಮೊದಲು ಖಾಲಿ ಪಟ್ಟಿ ಕೊಟ್ಟು ನೋಡುವುದು. ಕೊಟ್ಟರು. ಪ್ರಿಂಟರ್ ಕರಕರ ಎಂದು ಒಂದು ಪಂಪ್ ಶಾಫ್ಟಿನ ಕೆಲಸವನ್ನು ಅಚ್ಚು ಹಾಕಿತು. ಹಿಂದಿನ ದಿನದ ಪಟ್ಟಿಯಿಂದ ಕಂಪ್ಯೂಟರಿನ ನೆನಪಿನಲ್ಲಿ ಅಳಿಯದೆ ಉಳಿದಿದ್ದ ಕೆಲಸ ಅದು.

"ಇಲ್ಲದ ಕೆಲಸ ಎಲ್ಲಿಂದ ಬಂತಮ್ಮ?" ಎಂದರು ಗೈಡ್.

ನಾನು ಇನ್‌ಚಾರ್ಜ್ ಮುಖ ನೋಡಿದೆ. "ದೊಡ್ಡೋರು ಬತ್ತಾರೆ ಅಂತ ಬೆಳಿಗ್ಗೆ ಇನ್ನೊಂದ್ಸಲ ಕ್ಲೀನ್ ಮಾಡ್ದೆ ಮೇಡಂ," ಎಂದರು.

ನನ್ನ ಪಿತ್ತ ನೆತ್ತಿಗೇರಿತು. ಗೈಡ್ ಎದುರಿಗೇ ಕೂಗಾಡಿದೆ. ಈಗಲೇ ಹೊಸದಾಗಿ ತೆಗೆದು ತೋರಿಸುತ್ತೇನೆ ಎಂದು ಕೀಲಿಗಳ ಮೇಲೆ ಕೈ ಇಟ್ಟೆ, ಕರೆಂಟು ಹೋಯಿತು. ಪೀಣ್ಯದಲ್ಲಿ ಅದೇನು ಹೊಸದಲ್ಲ, ಆದರೂ ಅಳು ಬಂತು. ಗೈಡ್ ಚಹಾ ಕುಡಿದು, ಇನ್‌ಚಾರ್ಜ್ ಜೊತೆ ಬೆಂಗಳೂರಿನ ಸೆಖೆಯ ಬಗ್ಗೆ ಮಾತಾಡಿ, ಮುಂದಿನ ವಾರ ಬರುತ್ತೇನೆಂದು ಹೊರಟರು.

ಮುಂದಿನ ವಾರ ಬೆಳಿಗ್ಗೆಯಿಂದಲೇ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಟರ್ಮಿನಲ್ ಎದುರು ಕಾವಲು ಕೂತೆ. ಇನ್‌ಚಾರ್ಜ್ ಮುನಿಸಿನಿಂದ ಬಾಗಿಲ ಬಳಿಯೇ ನಿಂತಿದ್ದರು. ಖಾಲಿ ಪಟ್ಟಿಗೆ ಕೆಲಸ ಯಾವುದೂ ಇಲ್ಲದೆ, ಒಟ್ಟು ಹೊತ್ತು ಎಂದು ಬರೀ ಸೊನ್ನೆ ಬಂತು. ಗೈಡ್ ತಲೆಯಾಡಿಸಿ "ಬರಿಯೋಕೆ ಕೂತ್ಕೊಮ್ಮ" ಎಂದರು. ಇನ್ನು ಆ ಸಾಲಿಗೆ ಕೈ ಹಾಕುವುದಿಲ್ಲ ಎಂದು ಇನ್‌ಚಾರ್ಜ್ ಕೈಲಿ ಆಣೆ ಮಾಡಿಸಿಕೊಂಡೇ ನಾನು ಅಲ್ಲಿಂದ ಕಾಲ್ತೆಗೆದೆ.

ಪದವಿ ಸಿಕ್ಕ ಮೇಲೆ ಮೈಸೂರುಪಾಕಿನ ಪೊಟ್ಟಣ ಹಿಡಿದುಕೊಂಡು ಒಮ್ಮೆ ಹೋದೆ. ಕೊಡುವಾಗ ಒಂದು ಮಾತು ಚುಚ್ಚಬೇಕೆಂದೂ ಯೋಚಿಸಿಕೊಂಡಿದ್ದೆ. ಗೇಟು ತೆರೆದಿತ್ತು. ಲೇತುಗಳಿಗೆ ಗೋಣಿ ಹೊದಿಸಿದ್ದರು. ಬರ್ ತೆಗೆಯುವವರು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಆರ್ಡರ್ ಕೊಡುತ್ತಿದ್ದ ದೊಡ್ಡ ಕಂಪನಿ ಕೊಡುವುದನ್ನು ನಿಲ್ಲಿಸಿತ್ತಂತೆ.

ಇನ್‌ಚಾರ್ಜ್ ಕೋಣೆಯಲ್ಲೇ ಇದ್ದರು. ಎದುರಿಗೆ ಪ್ರಿಂಟರಿನ ಕಾಗದ, ಅದರ ಮೇಲೆ ಒಂದೇ ಒಂದು ಸೊನ್ನೆ.

"ನಿಮ್ ಸಾಲು ಸರಿಯಾಗೇ ಕೆಲ್ಸ ಮಾಡ್ತಾ ಅದೆ ಮೇಡಂ. ನಾನು ಮುಟ್ಟಿಲ್ಲ," ಎಂದರು.

ಅಷ್ಟು ದಿನ ಯಾವ ಸೊನ್ನೆಗಾಗಿ ಗಂಟಲು ಹರಿದುಕೊಂಡಿದ್ದೆನೋ ಅದನ್ನು ನೋಡಲು ನನಗೆ ಸಂಕಟವಾಯಿತು. ಪೊಟ್ಟಣವನ್ನಷ್ಟೇ ಮೇಜಿನ ಮೇಲಿಟ್ಟೆ. ಅವರು ಅದರ ದಾರ ಬಿಚ್ಚದೆ, ಸೊನ್ನೆಯಿದ್ದ ಕಾಗದದ ಅಂಚಿನ ಮೇಲೆ ಬೆರಳಾಡಿಸುತ್ತಾ ಕೇಳಿದರು:

"ಆ ಸಾಲು ತೆಗ್ದಿದ್ರೆ ಇವತ್ತೂ ಏನಾದ್ರೂ ಒಂದು ಕೆಲ್ಸ ತೋರಿಸ್ತಿತ್ತು, ಅಲ್ವಾ ಮೇಡಂ?"

"ತೋರಿಸ್ತಿತ್ತು," ಎಂದೆ.